ಹ್ಯಾವಕ್ ಎಂದರೆ ನಮ್ಮ ಹಾವಳಿಯೇ!

ಅಣಕು ಪರೀಕ್ಷೆಯೊಂದರಲ್ಲಿ ನಾನು ಕಳೆದುಕೊಂಡ ಒಂದು ಅಂಕದ ಕಥೆ ಇದು. ಇಂಗ್ಲಿಷ್ ವಾಕ್ಯದಲ್ಲಿ ತಪ್ಪು ಹುಡುಕಬೇಕಿತ್ತು. ‘ದ ಸ್ಟಾರ್ಮ್ ರೆಕ್ಡ್ ಹ್ಯಾವಕ್ ಆನ್ ದ ಕ್ರಾಪ್ಸ್’ ಎಂದಿತ್ತು. ತಪ್ಪೇನೂ ಇಲ್ಲ ಎಂದು ಗುರುತು ಹಾಕಿ ಬಂದೆ. ಆದರೆ ಅಲ್ಲಿ ಇರಬೇಕಾದ್ದು ‘ರೀಕ್ಡ್’. ರೆಕ್ ಎಂದರೆ ಒಡೆದು ಹಾಳುಮಾಡುವುದು. ರೀಕ್ ಎಂದರೆ ಕೇಡು ಎಸಗುವುದು. ಹಳೆಯ ಅರ್ಥದಲ್ಲಿ ಸೇಡು ತೀರಿಸಿಕೊಳ್ಳುವುದು. ಎರಡಕ್ಕೂ ಮೊದಲ ಅಕ್ಷರ ಡಬ್ಲ್ಯು, ಎರಡರಲ್ಲೂ ಅದು ಮೌನ. ‘ರೀಕ್ ಹ್ಯಾವಕ್’ ಮುಂದೆ ‘ಆನ್’ ಬರುತ್ತದೆ, ‘ಪ್ಲೇ ಹ್ಯಾವಕ್’ ಮುಂದೆ ‘ವಿತ್’ ಬರುತ್ತದೆ. ಪರೀಕ್ಷೆ ಬರೆಯುವವರು ನೆನಪಿಟ್ಟುಕೊಳ್ಳಿ.

ಹ್ಯಾವಕ್ ಪದದ ಹಿನ್ನೆಲೆಯೂ ಸ್ವಾರಸ್ಯಕರ. ಹಿಂದೆ ಯುದ್ಧದಲ್ಲಿ ‘ಹ್ಯಾವಕ್’ ಎಂದು ಕೂಗಿದರೆ ಸೈನಿಕರು ಲೂಟಿಗೆ ಇಳಿಯಬಹುದು ಎಂದು ಅರ್ಥ. ಹಾಗೆ ತಾವಾಗಿಯೇ ಕೂಗಿದವರ ತಲೆ ತೆಗೆಯಬೇಕೆಂದು ಇಂಗ್ಲೆಂಡಿನ ದೊರೆ ಎರಡನೇ ರಿಚರ್ಡ್ 1385ರಲ್ಲಿ ಸೇನೆಗೆ ನಿಯಮ ಮಾಡಿದ್ದ. ನಮ್ಮ ‘ಹಾವಳಿ’ಯೂ ಹೆಚ್ಚು ಕಡಿಮೆ ಇದೇ ಅಲ್ಲವೇ? ಕಳ್ಳರ ಹಾವಳಿ, ಮಂಗಗಳ ಹಾವಳಿ, ನೆರೆ ಹಾವಳಿ. ಎರಡು ಪದಗಳಿಗೂ ನಂಟಿಲ್ಲ, ಆದರೆ ನೆನಪಿಡಲು ಇದಕ್ಕಿಂತ ಸುಲಭದ ದಾರಿ ಬೇಕಿಲ್ಲ.

ಅದೇ ವಾರ ಗ್ರಂಥಾಲಯದಲ್ಲಿ ಇಂಗ್ಲಿಷ್ ಪತ್ರಿಕೆ ತೆರೆದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಗಾಳಿ-ಮಳೆಯಿಂದ ‘ಹ್ಯಾವಕ್’ ಎಂಬ ಸುದ್ದಿ. ಪದ ಗುರುತು ಹಿಡಿದೆ ಎಂದು ಖುಷಿಯಾಯಿತು. ಸಂಜೆ ಹೊನ್ನಾಳಿ ತಾಲ್ಲೂಕಿನ ನಮ್ಮೂರಿಂದ ಅಪ್ಪನ ಫೋನ್ ಬಂತು. ಕೊಯ್ಲಿಗೆ ಬಂದಿದ್ದ ಬೇಸಿಗೆ ಭತ್ತ ನೆಲಕ್ಕೆ ಮಲಗಿತ್ತು.

ಆ ಒಂದು ಪದದೊಳಗೆ ಎಷ್ಟು ಬಗೆಯ ನಷ್ಟ! ಚನ್ನಗಿರಿಯಲ್ಲಿ ಅಡಿಕೆ ಮರ ಮುರಿದರೆ ಮತ್ತೆ ಫಸಲಿಗೆ ಹಲವು ವರ್ಷ ಕಾಯಬೇಕು. ನಮ್ಮ ಭತ್ತಕ್ಕಾದರೆ ಮುಂದಿನ ಹಂಗಾಮು ಇದೆ, ಆದರೆ ಸಾಲದ ಕಂತು ಅಷ್ಟು ದಿನ ಕಾಯುವುದಿಲ್ಲ. ಜಗಳೂರಿನವರಂತೂ ವರ್ಷವಿಡೀ ಮಳೆಗೆ ಮುಗಿಲು ನೋಡುವವರು. ಬಂದ ಮಳೆಯೇ ಮನೆಯ ಹೆಂಚು ಹಾರಿಸಿದರೆ ಯಾರನ್ನು ಬೈಯುವುದು?

ಪರಿಹಾರದ ಅರ್ಜಿ ಬರೆಯುವ ಕೆಲಸ ಓದಿದ ಮಗನೆಂದು ನನಗೇ ಬಂತು. ‘ಅಕಾಲಿಕ ಮಳೆಯಿಂದ ಅಪಾರ ಹಾನಿಯಾಗಿರುತ್ತದೆ’ ಎಂದು ಗಂಭೀರವಾಗಿ ಬರೆದೆ. ಅಪ್ಪ ಓದಿಸಿ ಕೇಳಿ, ‘ಎಷ್ಟು ಗುಂಟೆ ಅಂತ ಎಲ್ಲಿ ಬರ್ದೆ?’ ಅಂದರು. ಬರೆದಿರಲಿಲ್ಲ. ವಿಪತ್ತು ಪರಿಹಾರದ ನಿಯಮದಲ್ಲಿ ಬೆಳೆ ನಷ್ಟ ಶೇ 33 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಅಲ್ಲಿ ‘ಅಪಾರ’ಕ್ಕೂ ಬೆಲೆಯಿಲ್ಲ, ‘ಹ್ಯಾವಕ್’ಗೂ ಇಲ್ಲ. ಸರ್ವೆ ನಂಬರ್, ಬೆಳೆ, ದಿನಾಂಕ, ಮಲಗಿದ ಗುಂಟೆಗಳ ಲೆಕ್ಕ, ಫೋಟೊ ಸೇರಿಸಿ ಮತ್ತೊಮ್ಮೆ ಬರೆದೆ.

ಗೆಳೆಯರೇ, ನುಡಿಗಟ್ಟುಗಳನ್ನು ಕಲಿಯೋಣ, ಅಂಕ ಬೇಕೇ ಬೇಕು. ಆದರೆ ದೊಡ್ಡ ಪದ ಸಿಕ್ಕಾಗಲೆಲ್ಲ ಅದರೊಳಗೆ ಯಾರ ಹೊಲ, ಎಷ್ಟು ನಷ್ಟ ಎಂದು ಕೇಳುವುದನ್ನೂ ಕಲಿಯೋಣ. ಗೈಡ್ ಪುಸ್ತಕ ಕೊಡದ ಆ ಪ್ರಶ್ನೆಯನ್ನು ನನಗೆ ಕಲಿಸಿದ್ದು ಏಳನೇ ತರಗತಿಗೆ ಶಾಲೆ ಬಿಟ್ಟ ಅಪ್ಪ.