ದುಡಿಮೆ ನಿಮ್ಮದು, ಉಳಿತಾಯ ಯಾರ ಹೆಸರಲ್ಲಿ?

ದುಬೈ, ಶಾರ್ಜಾದ ಶಾಲೆಗಳಲ್ಲಿ ಪಾಠ ಹೇಳುವ ನಮ್ಮ ಕರಾವಳಿಯ ಹೆಣ್ಣುಮಕ್ಕಳು ಕಡಿಮೆಯೇನಿಲ್ಲ. ನೀವೂ ಹೊರಟಿದ್ದೀರಾ? ಸಂತೋಷ. ಅಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ ಅನ್ನೋದು ನಿಜ. ಆದರೆ ಮನೆ ಬಾಡಿಗೆ, ಮಕ್ಕಳ ಫೀಸು ಕಳೆದರೆ ಕೈಯಲ್ಲಿ ಉಳಿಯೋದೆಷ್ಟು? ವಸತಿ, ವಿಮಾನದ ಟಿಕೆಟ್ಟು ಯಾರ ಖರ್ಚು ಎಂದು ಸಹಿ ಹಾಕುವ ಮುಂಚೆಯೇ ಕೇಳಿಬಿಡಿ. ಸಂಕೋಚ ಬೇಡ.

ಒಪ್ಪಂದದಲ್ಲಿ ಮೂಲ ವೇತನ ಎಷ್ಟಿದೆ ಅಂತಲೂ ನೋಡಿ. ಒಂದು ವರ್ಷ ಪೂರೈಸಿದವರಿಗೆ ಕೆಲಸ ಬಿಡುವಾಗ ಗ್ರಾಚ್ಯುಟಿ ಸಿಗುತ್ತದೆ. ಮೊದಲ 5 ವರ್ಷ ತಲಾ 21 ದಿನದ, ಆಮೇಲೆ ತಲಾ 30 ದಿನದ ವೇತನ. ಇದರ ಲೆಕ್ಕ ಮೂಲ ವೇತನದ ಮೇಲೆ ಮಾತ್ರ, ಭತ್ಯೆಗಳ ಮೇಲಲ್ಲ.

ಇನ್ನು ಊರಿಗೆ ಕಳಿಸುವ ದುಡ್ಡು. ತಮ್ಮನ ಓದು, ಅಪ್ಪನ ಸಾಲ, ಗಂಡನ ಹೆಸರಿನ ಸೈಟು, ಎಲ್ಲಕ್ಕೂ ಕೊಡಿ, ಬೇಡ ಅನ್ನೋಲ್ಲ. ಆದರೆ ಪೂರ್ತಿ ಸಂಬಳ ಇನ್ನೊಬ್ಬರ ಖಾತೆಗೇ ಹೋದರೆ, ಹತ್ತು ವರ್ಷ ಬಿಟ್ಟು ಮರಳಿದಾಗ ನಿಮ್ಮದು ಎನ್ನಲು ಏನಿರುತ್ತದೆ?

ನಿಮ್ಮ ಹೆಸರಲ್ಲೇ ಒಂದು ಎನ್‌ಆರ್‌ಇ ಖಾತೆ ತೆರೆಯಿರಿ. ನೀವು ಅನಿವಾಸಿಯಾಗಿರುವವರೆಗೆ ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ. ಸಂಬಳ ಬಂದ ದಿನವೇ ನಿಮ್ಮ ಪಾಲು ಅಲ್ಲಿಗೆ ಹೋಗಲಿ. ಮನೆಯವರ ಪಾಲು ಆಮೇಲೆ.

ಇದು ಸ್ವಾರ್ಥ ಅಲ್ಲ ಕಣ್ರೀ. ಹನಿ ಹನಿ ಕೂಡಿದರೆ ಹಳ್ಳ, ಸರಿ. ಆ ಹಳ್ಳದ ನೀರು ನಿಮಗೂ ಒಂದು ಬೊಗಸೆ ಸಿಗಬೇಡವೇ?