ಕೇಳದೆ ತೆಗೆದ ಪಟ

ನಮ್ಮ ಬೋವಿಕಾನದಲ್ಲಿ ಈಗ ಕ್ಯಾಮರಾ ಇಲ್ಲದವರಿಲ್ಲ. ಕಿಸೆಯಲ್ಲಿ ಫೋನುಂಟು, ಫೋನಿನಲ್ಲಿ ಕ್ಯಾಮರಾ ಉಂಟು. ಪಟ ಚೆಂದ ಬರುವುದಿಲ್ಲ ಎಂಬ ತಕರಾರು ನನಗಿಲ್ಲ. ಯಾರು ಒತ್ತಿದರೂ ಈಗ ಪಟ ಚೆಂದವೇ ಬರುತ್ತದೆ. ನನ್ನ ತಕರಾರು, ಒತ್ತುವ ಮೊದಲು ಕೇಳುವ ಮರ್ಯಾದೆ ಹೋಯಿತು ಎಂಬುದು.

ಹಿಂದೆ ಪಟ ತೆಗೆಸಬೇಕಾದರೆ ಸ್ಟುಡಿಯೋಗೆ ಹೋಗಬೇಕಿತ್ತು. ತಲೆ ಬಾಚಿ, ಪೌಡರು ಹಾಕಿ, ಕುರ್ಚಿಯಲ್ಲಿ ನೆಟ್ಟಗೆ ಕೂತ ಮೇಲೆ, ‘ರೆಡಿಯಾ?’ ಎಂದು ಕೇಳಿಯೇ ಅವ ಒತ್ತುತ್ತಿದ್ದ. ರೀಲಿನಲ್ಲಿ ಇದ್ದದ್ದೇ 36 ಪಟ. ಒಂದೊಂದಕ್ಕೂ ದುಡ್ಡು ಬೀಳುತ್ತಿದ್ದ ಕಾರಣ ಒಂದೊಂದಕ್ಕೂ ಯೋಚನೆ ಇತ್ತು. ಈಗ ಒತ್ತುವುದಕ್ಕೆ ಖರ್ಚಿಲ್ಲ, ಹಾಗಾಗಿ ಯೋಚನೆಯೂ ಇಲ್ಲ.

ಕಳೆದ ವರ್ಷ ನಮ್ಮ ಹತ್ತಿರದ ಒಂದು ಮನೆಗೆ ನಾಲ್ಕು ಹುಡುಗರು ಬೈಕಿನಲ್ಲಿ ಬಂದರು. ಯಾವುದೋ ಸ್ಪರ್ಧೆಗೆ ಪಟ ಬೇಕಂತೆ. ಆ ಮನೆಯ ಮಗನಿಗೆ ಮೂವತ್ತರ ಹತ್ತಿರ. ಹುಟ್ಟಿದಂದಿನಿಂದ ಚಾಪೆ ಬಿಟ್ಟು ಎದ್ದವನಲ್ಲ. ತಾಯಿ ಗಂಜಿ ಉಣಿಸುತ್ತಿದ್ದರು. ‘ಸ್ವಲ್ಪ ಬೆಳಕಿನ ಕಡೆ ತಿರುಗಿಸಿ ಅಮ್ಮಾ’ ಎಂದರು ಹುಡುಗರು. ಗಲ್ಲಕ್ಕೆ ಇಳಿದ ಗಂಜಿಯನ್ನು ಒರೆಸಲು ಹೋದರೆ, ‘ಒರೆಸಬೇಡಿ, ಹಾಗೇ ಇರಲಿ’ ಎಂದರು. ಮತ್ತೆ ಆ ತಾಯಿ ನನ್ನಲ್ಲಿ ಹೇಳಿದ್ದು ಒಂದೇ ಮಾತು: “ಮಾಷ್ಟ್ರೇ, ಅವರು ಅವನ ಹೆಸರೂ ಕೇಳಲಿಲ್ಲ.”

ಪಟ ಇಲ್ಲದಿದ್ದರೆ ಎಂಡೋಸಲ್ಫಾನಿನ ಸಂಗತಿ ಲೋಕಕ್ಕೆ ಗೊತ್ತಾಗುತ್ತಿತ್ತಾ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ಗುಡ್ಡೆಗಳಿಗೆ ಹೆಲಿಕಾಪ್ಟರಿನಿಂದ ವಿಷ ಸುರಿದರು. ಅದರ ಪರಿಣಾಮ ಹೊರಗೆ ತಿಳಿಯುವಲ್ಲಿ ಮಾತೃಭೂಮಿಯ ಮಧುರಾಜ್ ತೆಗೆದ ಪಟಗಳ ಪಾಲು ದೊಡ್ಡದು. ಆದರೆ ಅದಕ್ಕೆ ಮೊದಲೇ ವಾಣಿನಗರದ ಡಾ. ವೈ. ಎಸ್. ಮೋಹನ ಕುಮಾರರು ರೋಗಿಗಳನ್ನು ಗಮನಿಸಿ ಬರೆದಿಟ್ಟಿದ್ದರು, ಶ್ರೀಪಡ್ರೆಯವರು ಪತ್ರಿಕೆಯಲ್ಲಿ ಬರೆದಿದ್ದರು. ಪಟದ ಬೆನ್ನಿಗೆ ಇಷ್ಟು ಕೆಲಸ ಇತ್ತು. ಸ್ಪರ್ಧೆಯ ಪಟದ ಬೆನ್ನಿಗೆ ಎಂತ ಉಂಟು?

ಜಪಾನಿನ ಮಿನಮಾತದಲ್ಲಿ ಕಾರ್ಖಾನೆಯ ಪಾದರಸ ಕಡಲಿಗೆ ಸೇರಿ, ಮೀನು ತಿಂದವರು ರೋಗಿಗಳಾದರು. ಅಮೆರಿಕದ ಯೂಜೀನ್ ಸ್ಮಿತ್ 1971ರಲ್ಲಿ ಹೆಂಡತಿಯೊಡನೆ ಅಲ್ಲಿಗೆ ಹೋಗಿ ಮೂರು ವರ್ಷ ವಾಸ ಮಾಡಿ ಪಟ ತೆಗೆದ. ರೋಗಿಯಾದ ಮಗಳನ್ನು ತಾಯಿ ಮೀಯಿಸುವ ಅವನ ಪಟ ಲೋಕಪ್ರಸಿದ್ಧ. ಆ ಮಗಳು 1977ರಲ್ಲಿ ತೀರಿಕೊಂಡಳು. ಇನ್ನಾದರೂ ಅವಳಿಗೆ ವಿಶ್ರಾಂತಿ ಬೇಕು ಎಂದು ಹೆತ್ತವರಿಗೆ ಕಂಡಾಗ, ಸ್ಮಿತ್‌ನ ಹೆಂಡತಿ ಅದಕ್ಕೆ ಒಪ್ಪಿದರು. ಹಲವು ವರ್ಷ ಆ ಪಟ ಹೊಸದಾಗಿ ಅಚ್ಚಾಗಲಿಲ್ಲ. ಅಷ್ಟು ದೊಡ್ಡ ಪಟಕ್ಕೇ ಈ ಮಾತು ಸಲ್ಲುವುದಾದರೆ ನಮ್ಮ ಫೋನಿನ ಪಟಕ್ಕೆ ಸಲ್ಲುವುದಿಲ್ಲವಾ?

ಇನ್ನೊಂದು ಸಂಗತಿ. ಎಲ್ಲ ಕ್ಯಾಮರಾಗಳೂ ತಿರುಗುವುದು ಚಾಪೆಯ ಕಡೆಗೇ. ಮೂರು ತಿಂಗಳೊಳಗೆ ತಲಾ 5 ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಹೇಳಿತು. 2022ರಲ್ಲಿ ಅದೇ ಕೋರ್ಟು ಸರಕಾರವನ್ನು ಮತ್ತೆ ಗದರಿಸಬೇಕಾಯಿತು. ಹಣಕ್ಕಾಗಿ ಅಲೆದ ತಾಯಿಯ ಸವೆದ ಚಪ್ಪಲಿಯ ಪಟ ಎಲ್ಲಿ? ಮದ್ದಿನ ಚೀಟಿಗಳ ಕಟ್ಟಿನ ಪಟ ಎಲ್ಲಿ? ಮಗನನ್ನು ಎತ್ತಿಕೊಂಡು ಇಳಿಯಬೇಕಾದ ಆ ಕಲ್ಲುದಾರಿಯ ಪಟ ಎಲ್ಲಿ? ಅವಕ್ಕೆ ಬಹುಮಾನ ಸಿಗುವುದಿಲ್ಲ, ಅದಕ್ಕೇ ಯಾರೂ ತೆಗೆಯುವುದಿಲ್ಲ.

ಆ ಮನೆಯಲ್ಲಿ ಎಷ್ಟೋ ಮಂದಿ ಪಟ ತೆಗೆದು ಹೋಗಿದ್ದಾರೆ. ಒಂದನ್ನೂ ತಂದು ಕೊಟ್ಟವರಿಲ್ಲ. ಗೋಡೆಯಲ್ಲಿರುವುದು ಸರ್ಟಿಫಿಕೇಟಿಗೆಂದು ಹಿಂದೆ ತೆಗೆಸಿದ ಪಾಸ್‌ಪೋರ್ಟ್ ಸೈಜಿನದು ಒಂದೇ. ಅದರಲ್ಲಿ ಅವನ ತಲೆ ಬಾಚಿದೆ, ಮುಖ ಒರೆಸಿದೆ.

ಶಾಲೆಯ ಅಧ್ಯಾಪಕರಲ್ಲಿ ನನ್ನದು ಒಂದೇ ಬೇಡಿಕೆ. ಮಕ್ಕಳಿಗೆ ಕ್ಯಾಮರಾ ಒತ್ತಲು ಕಲಿಸುವುದು ಬೇಡ, ಅದು ಅವಕ್ಕೆ ನಮಗಿಂತ ಚೆನ್ನಾಗಿ ಗೊತ್ತುಂಟು. ಕೇಳಲು ಕಲಿಸಿ. ಬೇಡ ಎಂದರೆ ಫೋನು ಕಿಸೆಗೆ ಹಾಕಲು ಕಲಿಸಿ. ತೆಗೆದರೆ ಹೆಸರು ಬರೆದಿಡಲಿ, ಒಂದು ಪ್ರತಿ ಆ ಮನೆಗೆ ಮುಟ್ಟಿಸಲಿ. ಇಷ್ಟಕ್ಕೆ ಪುರುಸೊತ್ತಿಲ್ಲದವರು ನಮ್ಮ ಜಗಲಿ ಹತ್ತುವುದು ಬೇಡ.