ಆ ರಾತ್ರಿ ಫೋನ್ ಅವಳಿಗೆ ಬರುತ್ತಿತ್ತಾ?

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯಲ್ಲಿ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಇಂಥ ಹೊತ್ತಿನಲ್ಲಿ ಬೈಕ್ ಹತ್ತಿ ಡ್ಯಾಮಿಗೆ ಓಡುವವನೇ ವರದಿಗಾರ. ಕರಾವಳಿಯ ನಮಗೆ ಹೊಸಪೇಟೆ ದೂರವಿರಬಹುದು, ಪ್ರಶ್ನೆ ಮಾತ್ರ ನಮ್ಮ ಮನೆಯದ್ದೇ. ಪತ್ರಿಕೋದ್ಯಮ ಓದಿದ ನಿಮ್ಮ ಮಗಳು ಅಲ್ಲಿ ವರದಿಗಾರ್ತಿ ಆಗಿದ್ದರೆ ಆ ರಾತ್ರಿ ಕಳುಹಿಸುತ್ತಿದ್ದಿರಾ? ಅದಕ್ಕೂ ಮೊದಲು, ಆಫೀಸಿನ ಫೋನ್ ಅವಳಿಗೆ ಬರುತ್ತಿತ್ತಾ?

ಬರುವುದು ಕಷ್ಟ. 'ಹುಡುಗಿಗೆ ಯಾಕೆ ಸುಮ್ಮನೆ ತೊಂದರೆ' ಅಂತ ಇನ್ನೊಬ್ಬನಿಗೆ ಹೇಳುತ್ತಾರೆ. ಕೇಳಲು ಕಾಳಜಿಯ ಮಾತು. ಆದರೆ ಹೆಸರು, ಬಡ್ತಿ ಎರಡೂ ಸಿಗುವುದು ದೊಡ್ಡ ಸುದ್ದಿ ತಂದವನಿಗೆ. ಅವಳ ಪಾಲಿಗೆ ಹಬ್ಬದ ಅಡುಗೆ, ಮಹಿಳಾ ದಿನದ ವಿಶೇಷ. ಮುಸ್ಲಿಂ ಹೆಸರಿದ್ದರಂತೂ ಹಿಜಾಬ್, ತಲಾಖ್ ಬಿಟ್ಟು ಬೇರೆ ವಿಷಯವೇ ಗೊತ್ತಿಲ್ಲ ಎಂಬ ಲೆಕ್ಕ. ಸಂಡೂರಿನ ಗಣಿ, ಕಂಪ್ಲಿಯ ಗದ್ದೆಗೆ ಬರುವ ನೀರು ಅವಳು ಬರೆಯಬಾರದೇ?

ಆಫೀಸನ್ನು ಮಾತ್ರ ಬೈದರೆ ಅರ್ಧ ಸತ್ಯ. 2022ರ ಮೇ 11ರಂದು ಜೆನಿನ್‌ನಲ್ಲಿ ಅಲ್ ಜಝೀರಾದ ಶಿರೀನ್ ಅಬು ಅಕ್ಲೇ ಗುಂಡಿಗೆ ಬಲಿಯಾದಾಗ 'ಎಂಥ ಧೈರ್ಯದ ಹೆಣ್ಣು' ಎಂದೆವು. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬುಕರ್ ಬಂದಾಗ ಸ್ಟೇಟಸ್ ಹಾಕಿದೆವು. ಅವರು ಎಂಬತ್ತರ ದಶಕದಲ್ಲಿ ಲಂಕೇಶ್ ಪತ್ರಿಕೆಯ ವರದಿಗಾರ್ತಿಯಾಗಿದ್ದರು ಎಂದು ಎಷ್ಟು ಜನ ಮಕ್ಕಳಿಗೆ ಹೇಳಿದ್ದೇವೆ? ನಮ್ಮ ಮಗಳೇ ವರದಿಗಾರ್ತಿ ಆಗುತ್ತೇನೆ ಎಂದರೆ ಉಮ್ಮನಿಗೆ ಮೊದಲು ನೆನಪಾಗುವುದು ನಿಕಾಹ್ ಪ್ರಸ್ತಾಪ.

ಡಾಕ್ಟರ್, ನರ್ಸ್ ಆದರೆ ನೈಟ್ ಡ್ಯೂಟಿಗೆ ನಮ್ಮ ತಕರಾರಿಲ್ಲ. ಅಲ್ಲಿ ಹಾಸ್ಟೆಲ್ ಉಂಟು, ತಿಂಗಳಿಗೆ ಸಂಬಳ ಉಂಟು. ತಾಲೂಕು ವರದಿಗಾರರಲ್ಲಿ ಹಲವರಿಗೆ ಸಿಗುವುದು ಪುಡಿಗಾಸು, ಪೆಟ್ರೋಲ್ ಸ್ವಂತದ್ದು. ಹಾಗಾಗಿ ಮನೆಯವರ ಹೆದರಿಕೆ ಪೂರ್ತಿ ಸುಳ್ಳಲ್ಲ. ಅದಕ್ಕೆ ಮದ್ದು ಮಗಳನ್ನು ಮನೆಯಲ್ಲಿ ಕೂರಿಸುವುದಲ್ಲ, ಪತ್ರಿಕೆಯವರನ್ನು ಕೇಳುವುದು. 2013ರ ಕಾನೂನಿನ ಪ್ರಕಾರ ಹತ್ತು ಅಥವಾ ಹೆಚ್ಚು ಜನರಿರುವ ಕಚೇರಿಯಲ್ಲಿ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಸಣ್ಣ ಕಚೇರಿಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಇದನ್ನು ಕೆಲಸಕ್ಕೆ ಸೇರುವ ದಿನವೇ ಅವಳಿಗೆ ಹೇಳಿಕೊಡಬೇಕು.

ಮಗಳಿಗೆ ಕೆಲಸ ಸಿಕ್ಕಿತು ಅಂದ ಕೂಡಲೇ ಬಾಪ 'ಸಂಬಳ ಎಷ್ಟು?' ಅಂತ ಕೇಳುತ್ತಾರಲ್ಲ, ಹಾಗೆಯೇ 'ರಾತ್ರಿ ಗಾಡಿ ಉಂಟಾ? ದೂರು ಸಮಿತಿಯಲ್ಲಿ ಯಾರಿದ್ದಾರೆ?' ಅಂತಲೂ ಕೇಳಲಿ.